ಎಡಗೈ ಗಂಟು

ತಬ್ರೀಜ್
ಮೆಹರ್ ತಿಂಗಳ ೧೮, ಇರಾನಿ ವರ್ಷ ೧೩೭೫

ಖಾವರ್ ಅತ್ತಿಗೆಗೆ,

ಈ ಅಕ್ಷರ ಯಾರದ್ದೆಂದು ನಿನಗೆ ಗೊತ್ತಾಗಲಿಕ್ಕಿಲ್ಲ. ನಾನು ಊರು ಬಿಟ್ಟಾಗ ನಿನಗೆ ಓದು ಬರುತ್ತಿರಲಿಲ್ಲ, ನನ್ನದೂ ಅಷ್ಟಕ್ಕಷ್ಟೆ. ನಾನು ನೊಬಾರ್. ನಿನ್ನ ಗಂಡನ ತಂಗಿ. ಹತ್ತೊಂಬತ್ತು ವರ್ಷದ ಹಿಂದೆ ಆ ಮನೆಯಿಂದ ಓಡಿಹೋದವಳು. ಹರಿದು ಒಲೆಗೆ ಹಾಕುವ ಮುಂಚೆ ಕೊನೆಯವರೆಗೆ ಓದು, ಇಲ್ಲವೇ ಇದನ್ನು ತಂದವನ ಕೈಲಿ ಓದಿಸು.

ಹೋದ ವಾರ ಅಣ್ಣ ನಿನ್ನನ್ನು ಇಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಬಂದಿದ್ದ. ಎದೆರೋಗದ ವಿಭಾಗ, ಮೂರನೇ ಕೋಣೆ. ಆ ಕೋಣೆಯ ನೆಲವನ್ನು ಹನ್ನೊಂದು ವರ್ಷದಿಂದ ಒರೆಸುತ್ತಿರುವವಳು ನಾನು. ನಿನ್ನ ಬಾಯೊಳಗೆ ಕೊಳವೆ ಇಳಿಸಿ, ಒಳಗೆ ನೋಡಿ, ಹೊರಗೆ ತಂದು ಬೆಂಚಿನ ಮೇಲೆ ಕೂರಿಸಿದರು. ನೀನು ಎರಡೂ ಕೈಯಲ್ಲಿ ಬೆಂಚು ಹಿಡಿದುಕೊಂಡು ಉಸಿರನ್ನು ಹೆಕ್ಕಿ ಹೆಕ್ಕಿ ಎಳೆಯುತ್ತಿದ್ದೆ. ಮೊದಲಿಗೆ ಯಾರೋ ಮುದುಕಿ ಅಂದುಕೊಂಡೆ. ಆಮೇಲೆ ಎಡಗೈಯಲ್ಲಿ ತಲೆವಸ್ತ್ರ ಸರಿಮಾಡಿಕೊಂಡೆಯಲ್ಲ, ಆಗ ಗೊತ್ತಾಯಿತು. ನನಗಿಂತ ಮೂರೇ ವರ್ಷ ದೊಡ್ಡವಳು ನೀನು.

ಆ ಎಳೆಯ ಡಾಕ್ಟರು ನಿನ್ನನ್ನು ಏನೂ ಕೇಳಲಿಲ್ಲ. ಅಣ್ಣನನ್ನು ಕೇಳಿದ.

"ನಿಮ್ಮ ಹೆಂಡತಿ ಎಷ್ಟು ವರ್ಷದಿಂದ ಸಿಗರೇಟು ಸೇದ್ತಾರೆ?"

"ನಮ್ಮ ಮನೆ ಹೆಂಗಸರು ಅಂಥವರಲ್ಲ ಡಾಕ್ಟ್ರೇ."

"ಒಳಗೆಲ್ಲ ಮಸಿ ಕಟ್ಟಿದೆ ಯಜಮಾನ್ರೇ. ನಲವತ್ತು ವರ್ಷ ಸೇದಿದ ಗಂಡಸಿನ ಎದೇನೂ ಇಷ್ಟು ಕಪ್ಪಾಗಿರಲ್ಲ. ಉಸಿರಿನ ಕೊಳವೆಗಳು ಒಳಗೇ ಕಿರಿದಾಗಿವೆ. ಇದು ಹೋಗೋ ಕಾಯಿಲೆ ಅಲ್ಲ. ಕದ್ದು ಸೇದ್ತಿರಬಹುದು, ಮನೇಲಿ ವಿಚಾರಿಸಿ."

ಬಾಗಿಲು ಅರ್ಧ ತೆರೆದಿತ್ತು. ನಾನು ಬಕೆಟ್ಟು ಹಿಡಿದು ಅದರ ಹಿಂದೆ ನಿಂತಿದ್ದೆ. ಬಾಯಲ್ಲಿ ಒಂದೇ ಒಂದು ಮಾತಿತ್ತು: ತಂದೂರು. ಒಳಗೆ ಹೋಗಿ ಅದನ್ನು ಹೇಳಿದ್ದರೆ ಸಾಕಿತ್ತು. ಅಣ್ಣನ ಮುಖ ಕಂಡಿತು; ಹದಿನೇಳು ವರ್ಷದ ಹುಡುಗಿಯ ಹಾಗೆ ಬಾಗಿಲ ಹಿಂದೆಯೇ ಉಳಿದೆ. ಅವನು ನಿನ್ನ ತೋಳು ಹಿಡಿದು ಮೆಟ್ಟಿಲು ಇಳಿಸಿಕೊಂಡು ಹೋದ ರೀತಿ ನೋಡಿದೆ. ಕಾಯಿಲೆಯವರನ್ನು ಹಾಗೆ ಹಿಡಿಯುವುದಿಲ್ಲ.

ಈಗ ಹೇಗಿದ್ದೀ? ತಂದೂರು ಹಚ್ಚುವಾಗ ಮಾಳಿಗೆಯ ಬೆಳಕಿಂಡಿಯನ್ನು ಪೂರ್ತಿ ತೆರೆದುಕೊಳ್ಳುತ್ತೀ ತಾನೆ? ಚಳಿಯೆಂದು ಮುಚ್ಚಬೇಡ. ಉತ್ತರ ಬರೆಯುವುದಾದರೆ ಮಿನಿಬಸ್ಸಿನ ಇಸ್ಕಂದರನ ಕೈಗೆ ಕೊಡು. ಅವನ ಬಾಯಿ ಬಿಗಿ.

ಬಾಗಿಲ ಹಿಂದೆ ನಿಂತವಳು,
ನೊಬಾರ್


ಕೋಜ್ಲೂ
ಮೆಹರ್ ೩೦

ನೊಬಾರ್,

ಹರಿಯಲಿಲ್ಲ. ಎರಡು ಸಲ ಓದಿದೆ. ನನಗೀಗ ಓದು ಬರುತ್ತದೆ, ಸರ್ಕಾರದವರ ಹೆಂಗಸರ ಶಾಲೆಯಲ್ಲಿ ಎರಡು ಚಳಿಗಾಲ ಕೂತೆ. ಮೇಡಂ ಪೆನ್ಸಿಲು ಕಿತ್ತು ಬಲಗೈಗೆ ಕೊಡುತ್ತಿದ್ದಳು. ಅವಳ ಮುಂದೆ ಬಲಗೈ, ಮನೆಗೆ ಬಂದು ಎಡಗೈ. ಈ ಕಾಗದ ಎಡಗೈಯದ್ದು.

ಬೆಳಕಿಂಡಿ ಅಂದೆಯಲ್ಲ. ಬೆಳಕಿಂಡಿ ಇಲ್ಲ ನೊಬಾರ್. ನೀನು ಓಡಿಹೋದ ಒಂಬತ್ತನೇ ದಿನ ನಿಮ್ಮಣ್ಣ ಮಾಳಿಗೆ ಹತ್ತಿ ಚಪ್ಪಡಿ ಎಳೆದು, ಹುಲ್ಲು ಬೆರೆಸಿದ ಮಣ್ಣಿನಿಂದ ಮೆತ್ತಿಬಿಟ್ಟರು. "ಈ ಮನೆಗೆ ಮೇಲಿಂದ ಇನ್ನೇನೂ ಇಳೀಬಾರದು" ಅಂದರು. ಅಂದಿನಿಂದ ತಂದೂರಿನ ಕೋಣೆಗೆ ಇರುವುದು ಅಂಗಳದ ಕಡೆಯ ಬಾಗಿಲೊಂದೇ. ಬೇಸಿಗೆಯಲ್ಲಿ ತೆರೆಯುತ್ತೇನೆ. ಆರು ತಿಂಗಳು ಹಿಮ ಬೀಳುವ ಊರಲ್ಲಿ ಉಳಿದ ದಿನ ಏನು ಮಾಡುತ್ತೇನೆಂದು ನೀನೇ ಲೆಕ್ಕ ಹಾಕು. ಹದಿನೈದು ದಿನಕ್ಕೊಮ್ಮೆ ಇನ್ನೂರು ರೊಟ್ಟಿ. ಬೆರಣಿಯ ಹೊಗೆ ಮೊದಲು ಜಂತಿಗೆ ಹೋಗಿ, ದಾರಿ ಕಾಣದೆ ಇಳಿದು, ನನ್ನ ಬಾಯಿ ಹುಡುಕಿಕೊಂಡು ಬರುತ್ತಿತ್ತು.

ಆ ಬುಧವಾರ ನಿನಗೆ ಮರೆತಿರಲಿಕ್ಕಿಲ್ಲ. ವರ್ಷದ ಕೊನೆಯ ಬುಧವಾರದ ಮುನ್ನಾ ಸಂಜೆ, ಊರ ಹುಡುಗರು ಮಾಳಿಗೆ ಮಾಳಿಗೆ ಹತ್ತಿ ಬೆಳಕಿಂಡಿಯಿಂದ ಶಾಲು ಇಳಿಬಿಡುತ್ತಿದ್ದರು. ನಾವು ಕೆಳಗೆ ಕೂತು ಬಣ್ಣದ ಮೊಟ್ಟೆ, ಅಕ್ರೋಟು, ಉಣ್ಣೆಯ ಕಾಲುಚೀಲ ಕಟ್ಟಿ ಕಳಿಸುತ್ತಿದ್ದೆವು. ನಿನ್ನನ್ನು ಬಯಸಿದ ಯಾದುಲ್ಲಾನ ಶಾಲು ಇಳಿದಾಗ ನೀನು ಮೂಲೆ ಹಿಡಿದು ಅಳುತ್ತಿದ್ದೆ. ಹುಡುಗಿಯ ತಲೆವಸ್ತ್ರ ಕಟ್ಟಿ ಕಳಿಸಿದರೆ ಒಪ್ಪಿಗೆಯೆಂದು ಊರಿಗೆಲ್ಲ ಗೊತ್ತು. ನಿಮ್ಮಣ್ಣ ನಿನ್ನನ್ನು ಆ ಎರಡು ಹೆಂಡಿರು ಸತ್ತ ಜಮೀನ್ದಾರನಿಗೆ ಕೊಡುವುದಾಗಿ ಮಾತು ಕೊಟ್ಟಾಗಿತ್ತು. ನೀನು ವಸ್ತ್ರದ ಗಂಟಿಗೆ ಕೈ ಹಾಕಿ ಮತ್ತೆ ತೆಗೆದೆ. ನಿನ್ನ ಹಸಿರು ವಸ್ತ್ರ ಎಳೆದು ಶಾಲಿಗೆ ಕಟ್ಟಿದ ಕೈ ನನ್ನದು. ಇದು ನಮ್ಮಿಬ್ಬರಿಗೇ ಗೊತ್ತು. ಎಲ್ಲರೂ ನೀನೇ ಕಟ್ಟಿದೆ ಅಂದುಕೊಂಡಿದ್ದಾರೆ, ಇರಲಿ. ನೀನು ಹೋದೆ. ಬೆಳಕಿಂಡಿ ಹೋಯಿತು. ನಾನು ಉಳಿದೆ.

ಆಸ್ಪತ್ರೆಯಿಂದ ಬಂದ ಸಂಜೆಯೇ ನಿಮ್ಮಣ್ಣ ಹಾಸಿಗೆಗಳನ್ನೆಲ್ಲ ಕೊಡವಿದರು. ಹಿಟ್ಟಿನ ಪೆಟ್ಟಿಗೆಯಲ್ಲಿ ಮೊಣಕೈವರೆಗೆ ಕೈ ಹಾಕಿ ತಡಕಾಡಿದರು.

"ಎಲ್ಲಿಟ್ಟಿದ್ದೀಯ?"

"ಏನನ್ನ?"

"ಸಿಗರೇಟು."

"ನಿಮ್ಮ ಜೇಬಲ್ಲಿ ನೋಡಿ. ದಿನಾ ಒಂದು ಪ್ಯಾಕೆಟ್ ಅಲ್ಲೇ ಇರುತ್ತೆ."

ಹೊಡೆಯಲಿಲ್ಲ. ಹತ್ತಿರ ಬಂದು ನನ್ನ ಬಾಯಿ ಮೂಸಿ ನೋಡಿದರು. ಹೊಡೆದಿದ್ದರೆ ಚೆನ್ನಾಗಿತ್ತು. ಅಂದಹಾಗೆ ಅವರ ಎದೆಯನ್ನೂ ಅವತ್ತೇ ಪರೀಕ್ಷೆ ಮಾಡಿದರು. ಶುದ್ಧವಾಗಿದೆಯಂತೆ.

ಈಗ ನನಗೆ ಒಂದು ವಿಷಯ ಹೇಳು. ಹೆಣ್ಣು ಕೊಡುವವರು ಬಂದರೆ ಮೊದಲು ತಂದೂರಿನ ಕೋಣೆಗೆ ಹೋಗಿ ತಲೆ ಎತ್ತಿ ಜಂತಿ ನೋಡುತ್ತಾರೆ. ಜಂತಿ ಕಪ್ಪಾಗಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದರೆ ಒಲೆ ಆರದ ಮನೆ, ಸೊಸೆ ಗಟ್ಟಿಗಿತ್ತಿ ಅನ್ನುತ್ತಾರೆ. ಗೋಡೆಗೆ ಸುಣ್ಣ ಬಳಿಯುತ್ತೇವೆ, ಜಂತಿಯನ್ನು ಯಾರೂ ಒರೆಸುವುದಿಲ್ಲ. ಅದೇ ಮಸಿ ಮರಕ್ಕೆ ಹಿಡಿದರೆ ಮನೆತನದ ಮಾನ. ನನ್ನ ಎದೆಗೆ ಹಿಡಿದರೆ ಸಿಗರೇಟಾ?

ನೀನು ಬಾಗಿಲ ಹಿಂದೆ ನಿಂತಿದ್ದೆ. ಆ ಒಂದು ಮಾತಿಗೆ ನಿನಗೆ ಖರ್ಚೇನಾಗುತ್ತಿತ್ತು? ನಿನಗೋಸ್ಕರ ನಾನು ಬಾಗಿಲ ಹಿಂದೆ ನಿಂತಿರಲಿಲ್ಲ.

ಸಿಗರೇಟು ಮುಟ್ಟದ
ಖಾವರ್


ತಬ್ರೀಜ್
ಆಬಾನ್ ೧೪

ಅತ್ತಿಗೆ,

ಬೈದದ್ದು ಸಾಲದು. ಇನ್ನೂ ಬೈ. ಬೆಳಕಿಂಡಿ ಮುಚ್ಚಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಬೇಡ, ಉತ್ತರ ನನಗೆ ಇಷ್ಟವಾಗುವಂಥದ್ದಲ್ಲ.

ಆದರೆ ಈ ಸಲ ಬಾಯಿ ತೆರೆದೆ. ನಮ್ಮ ವಿಭಾಗದಲ್ಲಿ ವಯಸ್ಸಾದ ಡಾಕ್ಟರಮ್ಮ ಒಬ್ಬರಿದ್ದಾರೆ. ನಿನ್ನ ಫೈಲು ಕಪಾಟಿನಿಂದ ತೆಗೆದು ಅವರ ಮೇಜಿನ ಮೇಲಿಟ್ಟು ಹೇಳಿದೆ: "ಅಮ್ಮಾ, ಇವಳು ನಮ್ಮ ಅತ್ತಿಗೆ. ಸಿಗರೇಟು ಸೇದಲ್ಲ. ರೊಟ್ಟಿ ಸುಡ್ತಾಳೆ." ಅವರು ಫೈಲು ತೆರೆಯಲೇ ಇಲ್ಲ. ಕನ್ನಡಕ ತೆಗೆದರು.

"ಎಷ್ಟು ವರ್ಷದಿಂದ?"

"ಇಪ್ಪತ್ತೆರಡು."

"ತಂದೂರು ಒಳಗಾ ಹೊರಗಾ?"

"ಒಳಗೆ. ಬೆಳಕಿಂಡಿನೂ ಇಲ್ಲ."

"ಅವಳ ಕೈ ಯಾರಾದ್ರೂ ನೋಡಿದ್ರೇನೇ? ರೊಟ್ಟಿ ಸುಡೋರ ಮುಂಗೈಯಲ್ಲಿ ಕೂದಲಿರಲ್ಲ. ಅಷ್ಟು ನೋಡಿದ್ರೆ ಸಿಗರೇಟಿನ ಮಾತು ಬರ್ತಾನೇ ಇರಲಿಲ್ಲ."

ಇದು ತಂದೂರಿನ ಕಪ್ಪು, ಅಂದರು. ಹಳ್ಳಿಯ ಹೆಂಗಸರ ಎದೆಯಲ್ಲಿ ಎಷ್ಟೋ ಸಲ ಕಂಡಿದ್ದಾರಂತೆ. ಎಷ್ಟೋ ಜನಕ್ಕೆ ಕ್ಷಯದ ಮಾತ್ರೆ ನುಂಗಿಸಿದ್ದಾರಂತೆ, ಎಷ್ಟೋ ಜನಕ್ಕೆ ಸಿಗರೇಟಿನ ಹೆಸರು ಹಚ್ಚಿದ್ದಾರಂತೆ. ಹೋದ ಉಸಿರು ವಾಪಸ್ಸು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು. ಅದಕ್ಕೆ ಒಂದೇ ದಾರಿ: ಹೊಗೆಯ ಹತ್ತಿರ ಹೋಗಬಾರದು. ಇದರ ಜೊತೆ ಒಂದು ಇನ್ಹೇಲರ್ ಕಳಿಸಿದ್ದೇನೆ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಒತ್ತಿ ಒಳಗೆ ಎಳೆದುಕೋ. ಉಸಿರು ಕಟ್ಟಿದರೆ ಗಾಬರಿಯಾಗದೆ, ಬಿಸಿ ಚಹಾ ಊದುವ ಹಾಗೆ ತುಟಿ ಕಿರಿದು ಮಾಡಿ ನಿಧಾನ ಬಿಡಬೇಕಂತೆ. ಅವರದೇ ಕೈಬರಹದ ಚೀಟಿಯೂ ಇದೆ, ಅಣ್ಣನಿಗೆ ತೋರಿಸು.

ನಮ್ಮ ಬೀದಿಯ ಮೂಲೆಯಲ್ಲಿ ರೊಟ್ಟಿಯಂಗಡಿ ಇದೆ. ಸುಡುವವರೆಲ್ಲ ಗಂಡಸರು. ಚಿಮಣಿ ಮಸೀದಿಯ ಮಿನಾರಿಗೆ ಪೈಪೋಟಿ ಕೊಡುತ್ತದೆ. ದಿನಾ ಅದರ ಕೆಳಗೆ ಹಾದುಹೋಗುತ್ತಿದ್ದೆ, ತಲೆ ಎತ್ತಿ ನೋಡಿದ್ದು ಈ ವಾರ. ಗಂಡಸು ರೊಟ್ಟಿ ಸುಡುವ ಕಡೆ ಚಿಮಣಿ ಇರುತ್ತದೆ ಅತ್ತಿಗೆ.

ನಾನೇ ಬಂದು ಅಣ್ಣನ ಕಾಲು ಹಿಡಿಯಲೇ? ಅವನ ಸಿಟ್ಟು ನನ್ನ ಮೇಲೆ. ನನ್ನನ್ನು ಬೈದು, ಉಗಿದು, ಬೆಳಕಿಂಡಿ ತೆರೆಯಲಿ.

ನಿನ್ನ
ನೊಬಾರ್


ಕೋಜ್ಲೂ
ಆಜರ್ ೧೦

ನೊಬಾರ್,

ಇನ್ಹೇಲರ್ ಸಿಕ್ಕಿತು. ಮೊದಲ ಸಲ ಒತ್ತಿದಾಗ ಎದೆಯೊಳಗೆ ಯಾರೋ ಬಾಗಿಲನ್ನು ಒಂದು ಬೆರಳಷ್ಟು ಸರಿಸಿದ ಹಾಗಾಯಿತು. ಅಷ್ಟೇ, ಒಂದು ಬೆರಳು. ಆದರೆ ಆ ಬೆರಳಗಲದ ಗಾಳಿಗೆ ನಾನು ಕೂತು ಅತ್ತುಬಿಟ್ಟೆ. ಇಷ್ಟು ವರ್ಷ ಎಷ್ಟು ಕಡಿಮೆಯಲ್ಲಿ ಬದುಕಿದ್ದೆ ಅನ್ನುವುದು ಗೊತ್ತಾಗಿ ಅತ್ತದ್ದು.

ಊರಲ್ಲಿ ನನ್ನ ಮೇಲೆ ಎರಡು ಪಕ್ಷಗಳಾಗಿವೆ. ಒಂದು ಪಕ್ಷಕ್ಕೆ ನಾನು ಕದ್ದು ಸೇದುವವಳು, ಇನ್ನೊಂದಕ್ಕೆ ಕ್ಷಯದವಳು. ಪಕ್ಕದ ಮನೆಯ ತೆಲ್ಲಿ ಎರಡೂ ಪಕ್ಷದಲ್ಲಿದ್ದಾಳೆ. ಮೊನ್ನೆ ಅವಳ ಮನೆಯಲ್ಲಿ ಚಹಾ ಕುಡಿದ ಮೇಲೆ ನನ್ನ ಲೋಟವನ್ನು ತಾನೇ ಎತ್ತಿ ಬೇರೆ ಗೂಡಿನಲ್ಲಿಟ್ಟಳು. ಇನ್ಹೇಲರ್ ನೋಡಿ, "ಇದೇನೇ ಎಡಚಿ, ಸಿಗರೇಟು ಬಿಡಿಸೋಕೆ ಕೊಟ್ಟಿದ್ದಾ? ನಮ್ಮ ಯಜಮಾನ್ರಿಗೂ ಒಂದು ತರಿಸು" ಅಂದಳು. "ತರಿಸ್ತೀನಿ, ಮೊದಲು ನಿಮ್ಮ ಯಜಮಾನ್ರು ಒಂದು ವರ್ಷ ನಿನ್ನ ತಂದೂರು ಹಚ್ಚಲಿ" ಅಂದೆ. ನಕ್ಕಳು. ನಕ್ಕು, ಆಮೇಲೆ ಕೆಮ್ಮಿದಳು. ಅವಳ ಕೆಮ್ಮನ್ನು ಇಷ್ಟು ದಿನ ನಾನು ಕೇಳಿಯೇ ಇರಲಿಲ್ಲ.

ನಲ್ಲಿಯಿಂದ ಮನೆಗೆ ಬರುವಾಗ ಮೂರು ಕಡೆ ನಿಲ್ಲಬೇಕು. ಸುಮ್ಮನೆ ನಿಂತರೆ ಜನ ನೋಡುತ್ತಾರೆ, ಅದಕ್ಕೆ ನೆಪ ಬೇಕು. ಒಂದು ಕಡೆ ಬೂಟಿನ ದಾರ ಕಟ್ಟುತ್ತೇನೆ, ಇನ್ನೊಂದು ಕಡೆ ತೆಲ್ಲಿಯ ಕೋಳಿ ನೋಡುತ್ತೇನೆ. ಮೂರನೇ ಕಡೆ ಏನೂ ಇಲ್ಲ, ಗೋಡೆ ಮಾತ್ರ. ಗೋಡೆ ನೋಡುತ್ತೇನೆ. ಗೋಡೆಗೆ ಒರಗಿಯೇ ಮಲಗುತ್ತೇನೆ. ಅಂಗಾತ ಮಲಗಿದರೆ ಎದೆಯ ಮೇಲೆ ಹಿಟ್ಟಿನ ಮೂಟೆ ಇಟ್ಟ ಹಾಗೆ.

ಡಾಕ್ಟರಮ್ಮನ ಚೀಟಿ ತೋರಿಸಿದೆ. ಯಾರು ತಂದರೆಂದು ಕೇಳಲಿಲ್ಲ. ಓದಿ ಮಡಚಿಟ್ಟರು. "ಹೆಂಗಸು ಬರೆದಿದ್ದಾ?" ಅಂದರು.

ಧೈರ್ಯ ಮಾಡಿ ಕೇಳಿದೆ, "ಯೂನುಸನಪ್ಪಾ, ಬೆಳಕಿಂಡಿ ತೆಗೆಸಿ."

"ಮೇಲಿಂದ ಒಂದು ಸಲ ಇಳಿದಿದ್ದು ಸಾಕು."

"ಅದು ಹಳೇ ಮಾತು. ಈಗ ನನ್ನ ಉಸಿರಿನ ಮಾತು."

"ನಮ್ಮವ್ವ ಸಾಯೋವರೆಗೂ ರೊಟ್ಟಿ ಸುಟ್ಟಳು. ಒಂದು ದಿನ ಕೆಮ್ಮಲಿಲ್ಲ."

"ನಿಮ್ಮವ್ವನಿಗೆ ಬೆಳಕಿಂಡಿ ಇತ್ತು."

ಎದ್ದು ಚಹಾದಂಗಡಿಗೆ ಹೋದರು. ಮಾತು ಸೋತಾಗ ಅಲ್ಲಿಗೇ ಹೋಗುವುದು.

ಇನ್ನೊಂದು ಸುದ್ದಿ. ಯೂನುಸ್ ಸೇನೆಯ ಕೆಲಸ ಮುಗಿಸಿ ಬಂದಿದ್ದಾನೆ. ನೀನು ಹೋದಾಗ ಎರಡು ವರ್ಷದವನು, ನಿನ್ನ ಬೆನ್ನ ಮೇಲೆ ಮಲಗುತ್ತಿದ್ದವನು. ಮೇಲಿನೂರಿನ ಹುಡುಗಿ ಗೊತ್ತಾಗಿದ್ದಾಳೆ, ಹೆಸರು ಲಾಲಾ. ಹೊಸ ವರ್ಷ ಕಳೆದ ಮೇಲೆ ಮದುವೆ. ಮದುವೆಗೆ ಆರುನೂರು ರೊಟ್ಟಿ ಬೇಕು. ಆ ಮುಚ್ಚಿದ ಕೋಣೆಯಲ್ಲಿ, ನಾಲ್ಕು ದಿನ, ನಾನು. ಮಗನಿಗೆ ಹೇಳಿದೆ, "ನಿನ್ನಪ್ಪನಿಗೆ ನೀನಾದ್ರೂ ಹೇಳೋ." "ಮದುವೆ ಮುಗೀಲಿ ಬಿಡವ್ವ, ಈಗ ಯಾಕೆ ಗಲಾಟೆ" ಅಂದ. ಮದುವೆ ಮುಗಿದ ಮೇಲೆ ಆ ತಂದೂರಿನ ಮುಂದೆ ಬಗ್ಗುವವಳು ಲಾಲಾ. ಹತ್ತೊಂಬತ್ತು ವರ್ಷದವಳಂತೆ.

ನೀನು ಬರಬೇಡ. ಕಾಲು ಹಿಡಿಯುವುದಕ್ಕಂತೂ ಬರಲೇಬೇಡ. ವಸ್ತ್ರದ ವಿಷಯವನ್ನೂ ಎತ್ತಬೇಡ. ಅದನ್ನು ಕಟ್ಟಿದ್ದು ನಾನೆಂದು ಗೊತ್ತಾದರೆ ಇರುವ ಬಾಗಿಲನ್ನೂ ಮುಚ್ಚಿಯಾರು.

ಖಾವರ್


ತಬ್ರೀಜ್
ದೇ ತಿಂಗಳ ೨

ಅತ್ತಿಗೆ,

ಸುಡಲ್ಲ ಅನ್ನು. ಆರುನೂರು ರೊಟ್ಟಿಯಲ್ಲ, ಆರು ರೊಟ್ಟಿಯನ್ನೂ ಸುಡಲ್ಲ ಅನ್ನು. ಏನು ಮಾಡುತ್ತಾನೆ? ನಿನ್ನನ್ನು ಎತ್ತಿ ತಂದೂರಿನ ಮುಂದೆ ಕೂರಿಸುತ್ತಾನಾ? ಇಲ್ಲಿ ನಾವು ನೆಲ ಒರೆಸುವವರು ಹೋದ ವರ್ಷ ಎರಡು ದಿನ ಬಕೆಟ್ಟು ಮುಟ್ಟಲಿಲ್ಲ. ಮೂರನೇ ದಿನ ಕೈಗವಸು ಕೊಟ್ಟರು.

ಇದರೊಳಗೆ ಒಂದು ಫೋಟೊ ಇದೆ. ಅವತ್ತು ನಿನ್ನೊಳಗೆ ಇಳಿಸಿದ ಕೊಳವೆಯ ತುದಿಯಿಂದ ತೆಗೆದದ್ದು. ಬಣ್ಣದ್ದು. ನಿನ್ನ ಉಸಿರಿನ ಕೊಳವೆಯ ಒಳಗು. ಫೈಲಿನಿಂದ ಕದ್ದೆ. ನಿನ್ನದೇ ಎದೆ, ನೀನೇ ನೋಡಿಲ್ಲ, ಅದಕ್ಕೆ.

ನೊಬಾರ್


ಕೋಜ್ಲೂ
ಬಹಮನ್ ೨೦

ನೊಬಾರ್,

ಸುಡಲ್ಲ ಅನ್ನು ಅಂತ ಬರೆಯುವುದು ಸುಲಭ. ನಿನ್ನ ಜೊತೆ ಬಕೆಟ್ಟು ಇಳಿಸಿದವರು ಎಷ್ಟು ಜನ? ಇಲ್ಲಿ ನಾನೊಬ್ಬಳು ಇಳಿಸಿದರೆ ಬೇರೆ ಮನೆಯವಳು ಬಂದು ಸುಡುತ್ತಾಳೆ; ಊರೆಲ್ಲ ಸೇರಿ ಅವಳನ್ನು ಹೊಗಳಿ, ನನ್ನನ್ನು ತೆಗಳಿ, ಅದೇ ರೊಟ್ಟಿ ತಿನ್ನುತ್ತದೆ. ಸಿಟ್ಟು ಬಂದು ಒಂದೂವರೆ ತಿಂಗಳು ನಿನಗೆ ಬರೆಯಲಿಲ್ಲ. ಆದರೆ ಫೋಟೊ ಇಟ್ಟುಕೊಂಡೆ. ಹಿಟ್ಟಿನ ಪೆಟ್ಟಿಗೆಯಲ್ಲೇ ಇಟ್ಟೆ, ಅಲ್ಲಿ ಒಮ್ಮೆ ಹುಡುಕಿಯಾಗಿದೆಯಲ್ಲ.

ಮೊನ್ನೆ ಗುರುವಾರ ಲಾಲಾಳ ಮನೆಯವರು ಮನೆ ನೋಡಲು ಬಂದರು. ಅಪ್ಪ ಮಶ್‌ದಿ ಖೈರುಲ್ಲಾ, ಮೇಲಿನೂರಿನ ಕಸಾಯಿ, ಬಾಗಿಲಷ್ಟು ಅಗಲದ ಮನುಷ್ಯ. ಜೊತೆಗೆ ಹೆಂಡತಿ ಗುಲ್ಬಹಾರ್. ಚಹಾ ಆಯಿತು, ಊಟ ಆಯಿತು. ಪದ್ಧತಿಯಂತೆ ತಂದೂರಿನ ಕೋಣೆಗೆ ಬಂದರು. ಹಗಲು ಹನ್ನೆರಡಕ್ಕೆ ಲಾಟೀನು ಬೇಕಾಗುವ ಕೋಣೆ ಅದು. ನಿಮ್ಮಣ್ಣನೇ ಲಾಟೀನು ಎತ್ತಿ ಹಿಡಿದರು, ಜಂತಿ ಕಾಣಲಿ ಅಂತ.

"ಮಾಶಾ ಅಲ್ಲಾ!" ಅಂದಳು ಗುಲ್ಬಹಾರ್. "ಏನು ಜಂತಿರೀ! ಕನ್ನಡಿ ಹಂಗೆ. ಬೀಗಿತ್ತಿ ಕೈ ಬಂಗಾರದ್ದು."

"ಇಪ್ಪತ್ತೆರಡು ವರ್ಷದ ಕೆಲಸ" ಅಂದರು ನಿಮ್ಮಣ್ಣ, ತಾವೇ ಸುಟ್ಟವರ ಹಾಗೆ.

ಏನಾಯಿತೋ ನನಗೆ. ಹೊಗೆಯ ಮಾತೇ ಇಲ್ಲದ ಹೊತ್ತಲ್ಲಿ ಕೆಮ್ಮು ಬಂತು. ಕೂತುಬಿಟ್ಟೆ. ತುಟಿ ಕಿರಿದು ಮಾಡಿ ಚಹಾ ಊದಿದ ಹಾಗೆ ಊದಿದೆ, ಊದಿದೆ. ಎಲ್ಲರೂ ಜಂತಿ ಬಿಟ್ಟು ನನ್ನನ್ನು ನೋಡುತ್ತಿದ್ದರು. ಎದ್ದೆ. ಹಿಟ್ಟಿನ ಪೆಟ್ಟಿಗೆಯಿಂದ ಫೋಟೊ ತೆಗೆದು ಲಾಟೀನಿನ ಕೆಳಗೆ ಹಿಡಿದೆ.

"ಜಂತಿ ನೋಡಿದ್ರಲ್ಲ, ಇದನ್ನೂ ನೋಡಿ. ಎರಡೂ ಒಂದೇ ಒಲೆಯದು."

"ಏನಿದು?"

"ನನ್ನ ಉಸಿರಿನ ಕೊಳವೆ. ತಬ್ರೀಜ್‌ನಲ್ಲಿ ತೆಗೆದಿದ್ದು."

ಗುಲ್ಬಹಾರ್ ಮುಖ ತಿರುಗಿಸಿದಳು. ಮಶ್‌ದಿ ತಿರುಗಿಸಲಿಲ್ಲ. ಫೋಟೊ ಇಸಿದುಕೊಂಡು ಬೆಳಕಿಗೆ ಹಿಡಿದು, ಸಂತೆಯಲ್ಲಿ ಕುರಿಯ ಹಲ್ಲು ನೋಡುವ ಹಾಗೆ ನೋಡಿದ.

"ನಾನು ಮೂವತ್ತು ವರ್ಷದಿಂದ ಕುರಿ ಕಡಿಯೋನು. ಎಂಥೆಂಥಾ ಪುಪ್ಪುಸ ಕಂಡಿದ್ದೀನಿ. ಇಂಥದ್ದು ಕಂಡಿಲ್ಲ" ಅಂದ. "ಕುರೀದಾಗಿದ್ರೆ ನಾಯಿಗೂ ಹಾಕ್ತಿರಲಿಲ್ಲ, ತಪ್ಪು ತಿಳೀಬೇಡ ತಂಗಿ."

"ತಪ್ಪೇನಿಲ್ಲ ಅಣ್ಣ. ನಿಜ ಹೇಳಿದವರು ನೀವೇ ಮೊದಲು."

ತಲೆ ಎತ್ತಿದ. ಈ ಸಲ ಜಂತಿ ನೋಡಲಿಲ್ಲ, ಮಣ್ಣು ಮೆತ್ತಿದ ಜಾಗ ನೋಡಿ ನಿಮ್ಮಣ್ಣನತ್ತ ತಿರುಗಿದ. "ಬೈರಾಮಲಿ, ಇಲ್ಲೊಂದು ಬೆಳಕಿಂಡಿ ಇತ್ತಲ್ವೇನಯ್ಯಾ?"

"ಇತ್ತು ಮಶ್‌ದಿ. ಮಳೆ ಸೋರುತ್ತಿತ್ತು, ಮುಚ್ಚಿಸಿದೆ."

ಮಳೆ ಸೋರುತ್ತಿತ್ತಂತೆ, ನೊಬಾರ್.

"ತೆಗೆಸು. ಆಮೇಲೆ ನಮ್ಮ ಹುಡುಗಿ. ಅಲ್ಲೀವರೆಗೂ ಮದುವೆ ಮಾತು ಬೇಡ."

"ಆಗಲಿ ಮಶ್‌ದಿ. ಅದೇನು ದೊಡ್ಡ ಮಾತು? ಹಿಮ ಕರಗಿದ ಕೂಡಲೇ ತೆಗೆಸಿದ್ರಾಯ್ತು."

ಅದೇನು ದೊಡ್ಡ ಮಾತು. ನಾನು ಚಳಿಗಾಲವಿಡೀ ಕೇಳಿದೆ. ಡಾಕ್ಟರಮ್ಮ ಬರೆದು ಕೊಟ್ಟರು. ಹತ್ತೊಂಬತ್ತು ವರ್ಷ ಈ ಎದೆ ಗೋಡೆಯಾಚೆಗೂ ಕೇಳುವ ಹಾಗೆ ಕೆಮ್ಮಿತು. ಯಾವುದೂ ಮಾತಾಗಲಿಲ್ಲ. ಹೊರಗಿನ ಗಂಡಸೊಬ್ಬ ಒಂದು ಸಲ ತಲೆ ಎತ್ತಿದ, ಅದು ಮಾತಾಯಿತು.

ಮಶ್‌ದಿ ಒಳ್ಳೆಯವನು, ಅವನ ಮೇಲೆ ನನಗೆ ಸಿಟ್ಟಿಲ್ಲ. ತನ್ನ ಮಗಳಿಗಾಗಿ ಕೇಳಿದ. ನನಗಾಗಿ ಕೇಳುವ ಅಪ್ಪ ಅವತ್ತು ಇರಲಿಲ್ಲ, ಅಷ್ಟೇ.

ಖಾವರ್


ತಬ್ರೀಜ್
ಇಸ್ಫಂದ್ ೩

ಅತ್ತಿಗೆ, ಗೆದ್ದೆ ನೀನು! ಯಾದುಲ್ಲಾಗೆ ಓದಿ ಹೇಳಿದೆ. ಕುರಿಯ ಮಾತು ಬಂದಾಗ ನಕ್ಕ, ಆಮೇಲೆ ಎದ್ದು ಹೊರಗೆ ಹೋದ. ಈ ವರ್ಷದ ಕೊನೆಯ ಬುಧವಾರಕ್ಕೆ ಬರಲೇ? ಆ ಬೆಳಕಿಂಡಿಯ ಕೆಳಗೆ ನಿನ್ನ ಜೊತೆ ಒಂದು ಲೋಟ ಚಹಾ ಕುಡಿಯಬೇಕು. ಅಣ್ಣ ಬಾಗಿಲಲ್ಲಿ ತಡೆದರೆ ತಡೆಯಲಿ.

ನೊಬಾರ್


ಕೋಜ್ಲೂ
ಇಸ್ಫಂದ್ ೨೯

ನೊಬಾರ್,

ಗೆದ್ದೆ ಅಂದೆ. ಓದು.

ಹಿಮ ಕರಗಿದ ಮೇಲೆ ಹೋದ ವಾರ ನಿಮ್ಮಣ್ಣ ಗುದ್ದಲಿ ತೆಗೆದುಕೊಂಡು ಮಾಳಿಗೆ ಹತ್ತಿದ. ನಾನು ಕೆಳಗಿದ್ದೆ, ಬೀಳುವ ಮಣ್ಣನ್ನು ಬಳಿದು ಹಾಕಲು. ಹೆಂಟೆ ಹೆಂಟೆಯಾಗಿ ಆರಿದ ತಂದೂರಿನೊಳಗೆ ಬಿತ್ತು. ಆಮೇಲೆ ಚಪ್ಪಡಿ ಸರಿಯಿತು. ಬೆಳಕು ಬಂತು ನೊಬಾರ್. ಕಂಬದ ಹಾಗೆ ನೇರ ಇಳಿದು ನೆಲದ ಮೇಲೆ ನಿಂತಿತು. ಧೂಳೆಲ್ಲ ಆ ಬೆಳಕನ್ನು ಹತ್ತಿಕೊಂಡು ಮೇಲೆ ಹೋಯಿತು. ನಾನು ಬಾಯಿಗೆ ವಸ್ತ್ರ ಅಡ್ಡ ಹಿಡಿದು ನೋಡುತ್ತಾ ನಿಂತೆ. ಅವನ ಮುಖ ಅಲ್ಲಿ ಮೇಲೆ, ಆಕಾಶದ ನಡುವೆ ಕಾಣುತ್ತಿತ್ತು.

ನನಗೆ ನಿನ್ನ ನೆನಪಾಯಿತು. ನೀನು ಬಂದರೆ ಬಾಗಿಲಲ್ಲಿ ತಡೆಯುತ್ತಾನೆ; ಇಷ್ಟು ವರ್ಷ ನನ್ನ ತಪ್ಪನ್ನು ನೀನೇ ಹೊತ್ತೆ, ಇನ್ನು ಸಾಕು ಅನ್ನಿಸಿತು. ಕೆಳಗಿಂದಲೇ ಕೂಗಿ ಹೇಳಿದೆ.

"ಯೂನುಸನಪ್ಪಾ, ಅವತ್ತು ಶಾಲಿಗೆ ವಸ್ತ್ರ ಕಟ್ಟಿದ್ದು ನೊಬಾರ್ ಅಲ್ಲ. ನಾನು."

ಗುದ್ದಲಿಯ ಸದ್ದು ನಿಂತಿತು.

"ಗೊತ್ತು" ಅಂದ.

"ಏನು ಗೊತ್ತು?"

"ನೀನೇ ಅಂತ. ಯಾದುಲ್ಲಾನ ಅಪ್ಪ ಆ ವಸ್ತ್ರನ ಶಾಲು ಸಮೇತ ತಂದು ನನ್ನ ಮುಖದ ಮೇಲೆ ಎಸೆದನಲ್ಲ, 'ನಿನ್ನ ತಂಗಿ ಒಪ್ಪಿಯೇ ಕಟ್ಟಿದ್ದಾಳೆ, ನೋಡ್ಕೋ' ಅಂತ. ಗಂಟು ಹಾಗೇ ಇತ್ತು. ಎಡಗೈ ಗಂಟು. ನನ್ನ ರೊಟ್ಟಿ ಬುತ್ತಿಗೆ ದಿನಾ ಕಟ್ಟೋ ಗಂಟು ನನಗೆ ಗೊತ್ತಾಗಲ್ವಾ?"

"ಅದಾಗಿ ಒಂಬತ್ತು ದಿನಕ್ಕೆ ಇದನ್ನ ಮುಚ್ಚಿದ್ರಿ."

ಅವನು ಗುದ್ದಲಿಗೆ ಅಂಟಿದ ಮಣ್ಣು ಕೆರೆದ. ಆಮೇಲೆ, ಸಂತೆಯಿಂದ ಉಪ್ಪು ತಂದೆ ಅನ್ನುವಷ್ಟು ಸಲೀಸಾಗಿ ಹೇಳಿದ:

"ಅವಳು ಕೈಗೆ ಸಿಗಲಿಲ್ಲ. ನೀನು ಮನೇಲಿದ್ದೆ."

ಅಷ್ಟು ಹೇಳಿ ಮತ್ತೆ ಅಗೆಯತೊಡಗಿದ.

ಮಾನಕ್ಕಾಗಿ ಮುಚ್ಚಿದ ಅಂದುಕೊಂಡಿದ್ದೆ ನೊಬಾರ್. ಮೂರ್ಖತನಕ್ಕೆ ಮುಚ್ಚಿದ ಅಂತ ಎಷ್ಟೋ ಸಲ ಕ್ಷಮಿಸಿಯೂ ಇದ್ದೆ. ಅಲ್ಲ. ಹದಿನೈದು ದಿನಕ್ಕೊಮ್ಮೆ ನಾನು ಆ ಹೊಗೆಯೊಳಗೆ ಬಗ್ಗುವುದನ್ನು ಅವನು ನೋಡುತ್ತಿದ್ದ. ಕಣ್ಣೊರೆಸಿಕೊಂಡು ಹೊರಗೆ ಬರುವುದನ್ನು ನೋಡುತ್ತಿದ್ದ. ಸುಟ್ಟ ರೊಟ್ಟಿಯನ್ನು ಬಿಸಿಬಿಸಿಯಾಗಿ ಮುರಿದು ತಿನ್ನುತ್ತಿದ್ದ. ಆಸ್ಪತ್ರೆಯಲ್ಲಿ ಮಸಿ ಎಂದಾಗಲೂ ಗೊತ್ತಿತ್ತು. ಗೊತ್ತಿದ್ದೂ ಹಿಟ್ಟಿನ ಪೆಟ್ಟಿಗೆಯಲ್ಲಿ ಸಿಗರೇಟು ಹುಡುಕಿದ.

ಡಾಕ್ಟರಮ್ಮ ಹೇಳಿದ್ದು ಸರಿ, ಹೋದ ಉಸಿರು ಬರುವುದಿಲ್ಲ. ಬೆಳಕಿಂಡಿ ತೆರೆದ ಮೇಲೂ ನಲ್ಲಿಯಿಂದ ಮನೆಗೆ ಮೂರು ಸಲವೇ ನಿಲ್ಲುತ್ತೇನೆ. ಈಗ ಬೂಟಿನ ದಾರ ಕಟ್ಟುವುದಿಲ್ಲ, ಕೋಳಿಯನ್ನೂ ನೋಡುವುದಿಲ್ಲ. ಸುಮ್ಮನೆ ನಿಲ್ಲುತ್ತೇನೆ. ಕೇಳಿದವರಿಗೆ ತಂದೂರಿನ ಹೊಗೆ ಅನ್ನುತ್ತೇನೆ. ತೆಲ್ಲಿ ಮೊನ್ನೆ ತನ್ನ ಗಂಡನಿಗೆ ಹೇಳಿ ಅವರ ಮನೆಯ ಬೆಳಕಿಂಡಿಗೆ ತುಂಬಿದ್ದ ಹುಲ್ಲು ತೆಗೆಸಿದ್ದಾಳೆ. ನನ್ನ ಲೋಟ ಮಾತ್ರ ಇನ್ನೂ ಬೇರೆಯ ಗೂಡಿನಲ್ಲೇ ಇಡುತ್ತಾಳೆ.

ನಿನ್ನೆ ಸಂಜೆ ಬುಧವಾರದ ಹಬ್ಬದ ಬೆಂಕಿ ಹಾಕಿದರು. ಹುಡುಗರು ಮಾಳಿಗೆ ಹತ್ತಿದ ಸದ್ದಾಯಿತು. ಹತ್ತೊಂಬತ್ತು ವರ್ಷದ ಮೇಲೆ ನಮ್ಮ ಮನೆಯ ಬೆಳಕಿಂಡಿಯಿಂದ ಒಂದು ಶಾಲು ಇಳಿಯಿತು. ಕೆಂಪು ಅಂಚಿನದು. ಮೊಟ್ಟೆಗೆ ಬಣ್ಣ ಹಾಕಿಟ್ಟಿದ್ದೆ, ಅಕ್ರೋಟು ತೆಗೆದಿಟ್ಟಿದ್ದೆ. ಅವನ್ನೆಲ್ಲ ಒಂದು ಬುಟ್ಟಿಯಲ್ಲಿ ತುಂಬಿ ಕಟ್ಟಿ ಕಳಿಸಿದೆ. ಖುಷಿಯಾಗಿ ಎಳೆದುಕೊಂಡರು.

"ಇನ್ನೊಂದು ಸಲ ಇಳಿಸ್ರೋ" ಅಂದೆ.

"ಇನ್ನೂ ಇದೆಯಾ ದೊಡ್ಡವ್ವಾ? ನಿಮ್ಮ ಮನೇಲಿ ಈ ವರ್ಷ ಭರ್ಜರಿ!"

ತಂದೂರಿನ ಗೋಡೆಗೆ ರೊಟ್ಟಿ ಬಡಿಯುವ ಮೆತ್ತೆ ಇದೆಯಲ್ಲ, ನಿಮ್ಮವ್ವ ನನ್ನ ಮದುವೆಯಲ್ಲಿ ಕೈಗೆ ಕೊಟ್ಟದ್ದು, ಈಗ ನನ್ನ ಎದೆಯ ಬಣ್ಣಕ್ಕೇ ಬಂದಿದೆ. ಅದನ್ನು ಶಾಲಿಗೆ ಕಟ್ಟಿದೆ. ಎಡಗೈಯಲ್ಲಿ. ಗಟ್ಟಿಯಾಗಿ.

ಮೇಲೆ ಎಳೆದುಕೊಂಡು ಹುಡುಗರು ಬೆಳಕಿಂಡಿಯಿಂದ ಬಗ್ಗಿ ನೋಡಿದರು. "ದೊಡ್ಡವ್ವಾ, ಇದು ರೊಟ್ಟಿ ಮೆತ್ತೆ ಅಲ್ವಾ? ಮದುವೆಗೆ ಬೇಡ್ವಾ?"

"ನನಗೆ ಬೇಡ. ಚಹಾದಂಗಡೀಲಿ ನಿಮ್ಮ ದೊಡ್ಡಪ್ಪ ಕೂತಿರ್ತಾರೆ. ಎಲ್ಲರ ಮುಂದೆ ಅವರ ಕೈಗೇ ಕೊಡಿ. ಆರುನೂರು ರೊಟ್ಟಿ ಬಾಕಿ ಇದೆ ಅನ್ನಿ. ಬೆಳಕಿಂಡಿ ತೆರೆದಿದೆ, ಹೊಗೆಗೆ ಹೆದರಬೇಡಿ ಅಂದಳು ಅನ್ನಿ."

ಮಾಳಿಗೆಯ ಮೇಲೆ ನಗು, ಓಟ. ನಾನು ಕೆಳಗೆ ಕೂತು ಚಹಾ ಊದುವ ಹಾಗೆ ಉಸಿರು ಬಿಟ್ಟೆ.

ನೀನು ಮದುವೆಗೆ ಬಾ. ಬಾಗಿಲಿಂದಲೇ ಬಾ. ಲಾಲಾಳಿಗೆ ನಿನ್ನ ಪರಿಚಯ ಮಾಡಿಸಬೇಕು. ಬರುವಾಗ ಇನ್ಹೇಲರ್ ಎರಡು ತಾ, ಒಂದು ತೆಲ್ಲಿಗೆ.

ನಿನ್ನೆಯಿಂದ ಅವನು ನನ್ನ ಜೊತೆ ಮಾತಾಡಿಲ್ಲ. ಮೆತ್ತೆ ಯಾರು ಕಳಿಸಿದರೆಂದು ಚಹಾದಂಗಡಿಯಲ್ಲಿ ಹುಡುಗರನ್ನು ಕೇಳಲೂ ಇಲ್ಲವಂತೆ. ಗಂಟು ಬಿಚ್ಚದೆ ಮಡಿಲಲ್ಲಿಟ್ಟುಕೊಂಡು ಕೂತಿದ್ದನಂತೆ.

ಎಡಚಿ,
ಖಾವರ್